ಹೆಲ್ಮೆಟ್ಟಿನೊಳಗಿನ ಮಡಿಕೆ

"ಬುದ್ಧಿ, ಹೇಳುವವನು ಸರಿಯಾಗಿ ಹೇಳಿಯೂ ಕೇಳುವವರು ತಪ್ಪಿ ನಡೆದರೆ ಆ ತಪ್ಪು ಯಾರದು?"

ಹೀಗೆ ಕೇಳಿದವನು ನಮ್ಮ ಮಠದ ಪಾಠಶಾಲೆಯಲ್ಲಿ ಹನ್ನೊಂದು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಷ್ಯ. ಆ ವಾರ ಒಬ್ಬ ಹುಡುಗಿ ಪಾಠ ಬಿಟ್ಟು ಹೋಗಿದ್ದಳು. "ಎಷ್ಟು ಹೇಳಿದರೂ ಕೆಲವರ ತಲೆಗೆ ಹೋಗುವುದಿಲ್ಲ. ನನಗೂ ಸಾಕಾಗಿದೆ. ಅಪ್ಪಣೆಯಾದರೆ ಪಾಠಶಾಲೆ ಬಿಟ್ಟುಬಿಡುತ್ತೇನೆ" ಎಂದ.

ಗುರುಗಳು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಸುಬುದಾರನಿದ್ದ. ಹಾಕಿ ಆಟದಲ್ಲಿ ಗೋಲು ಕಾಯುವವರಿಗೆ ಹೆಲ್ಮೆಟ್ ಮಾಡುವುದು ಅವನ ಕಸುಬು. ದೊಡ್ಡ ದೊಡ್ಡ ತಂಡಗಳಿಗೆ ಮಾಡಿಕೊಟ್ಟು ಹೆಸರು ಗಳಿಸಿದ್ದ. ಆದರೆ ಭಾನುವಾರ ಖುಷಿಗೆ ಆಡುವವರೂ ಶಾಲೆಯ ಮಕ್ಕಳೂ ಬರಿದಲೆಯಲ್ಲಿ ಗೋಲಿನ ಮುಂದೆ ನಿಲ್ಲುತ್ತಿದ್ದರು. ಅದನ್ನು ಕಂಡ ಮೇಲೆ ಅವನಿಗೆ ನೆಮ್ಮದಿ ಇಲ್ಲದಾಯಿತು. ಭಗವಂತ ಕೆಲವರಿಗೆ ನೆಮ್ಮದಿ ಕೆಡಿಸಿಯೇ ಕೆಲಸ ಹೇಳುತ್ತಾನೆ.

ಅವನು ಮಗುವಿನ ತಲೆಯಷ್ಟೇ ದೊಡ್ಡದಾದ ಒಂದು ಮರದ ತಲೆಯನ್ನು ಕೆತ್ತಿದ. ಅದಕ್ಕೆ ಹೆಲ್ಮೆಟ್ ತೊಡಿಸಿ ತೊಲೆಯ ಮೇಲಿಂದ ಕಬ್ಬಿಣದ ಗುಂಡು ಬೀಳಿಸಿದ. ಮೊದಲನೆಯದು ಒಡೆಯಿತು. ಎರಡನೆಯದು ನೆಗ್ಗಿತು. ಎರಡು ವರ್ಷ ಕಳೆದ ಮೇಲೆ, ಮೂರನೆಯದಕ್ಕೆ ಏನೂ ಆಗಲಿಲ್ಲ. ಮರದ ತಲೆಯ ಮೇಲೆ ಒಂದು ಗೀರು ಸಹ ಇರಲಿಲ್ಲ. ಅವನು ದೇವರಿಗೆ ದೀಪ ಹಚ್ಚಿದ. 'ತಲೆಗೆ ಸರಿಹೊಂದುವ ಅಳತೆಯದನ್ನೇ ಧರಿಸಿ' ಎಂದು ಬರೆದ ಚೀಟಿಯನ್ನು ಪ್ರತಿ ಹೆಲ್ಮೆಟ್ಟಿನ ಒಳಗೂ ಅಂಟಿಸಿ ಅಂಗಡಿಗೆ ಕೊಟ್ಟ.

"ಇನ್ನಾದರೂ ಆ ತಲೇನ ಅಟ್ಟಕ್ಕೆ ಹಾಕಿ. ಈ ಮನೇಲಿ ನನ್ನ ತಲೆಗಿಂತ ಅದಕ್ಕೇ ಮರ್ಯಾದೆ ಜಾಸ್ತಿ" ಎಂದಳು ಹೆಂಡತಿ. ಅವನು ನಕ್ಕು ಅಟ್ಟಕ್ಕೆ ಹಾಕಿದ.

ತಿಂಗಳು ತುಂಬುವುದರೊಳಗೆ ಸುದ್ದಿ ಬಂತು. ಒಂಬತ್ತು ವರ್ಷದ ಒಬ್ಬ ಹುಡುಗಿ ಅವನ ಹೆಲ್ಮೆಟ್ ತೊಟ್ಟು ಗೋಲು ಕಾಯುತ್ತಿದ್ದಳು. ಚೆಂಡು ತಡೆಯಲು ಬಾಗಿದಾಗ ಹೆಲ್ಮೆಟ್ ಜಾರಿ ಕಣ್ಣು ಮುಚ್ಚಿತು. ಕಾಣಲೆಂದು ಕೈಯಿಂದ ಮೇಲಕ್ಕೆತ್ತಿದಳು. ಅದೇ ಹೊತ್ತಿಗೆ ಚೆಂಡು ಬಂದು ಬಡಿಯಿತು. ದೇವರು ದೊಡ್ಡವನು, ಕಣ್ಣು ಉಳಿಯಿತು. ಹುಬ್ಬಿನ ಮೇಲೆ ಏಳು ಹೊಲಿಗೆ ಬಿದ್ದವು.

ಅವನು ಅವಳ ಮನೆ ಹುಡುಕಿಕೊಂಡು ಹೋದ. ಹೋದವನು ಮೊದಲು ಹೆಲ್ಮೆಟ್ಟನ್ನೇ ತಿರುಗಿಸಿ ನೋಡಿದ. ಎಲ್ಲಿಯೂ ಬಿರುಕಿರಲಿಲ್ಲ. ಅವನಿಗೆ ಸಮಾಧಾನವಾಯಿತು. ಆಮೇಲೆ ಮಗುವಿನ ಮುಖ ನೋಡಿದ. ಆ ಸಮಾಧಾನಕ್ಕೆ ಅವನಿಗೇ ನಾಚಿಕೆಯಾಯಿತು.

"ಇದು ದೊಡ್ಡವರ ಅಳತೆಯದು ತಾಯಿ. ಒಳಗೆ ಬರೆದಿದ್ದೆನಲ್ಲ, ಓದಲಿಲ್ಲವೇ?" ಎಂದು ಹುಡುಗಿಯ ತಾಯಿಯನ್ನು ಕೇಳಿದ.

"ಓದಿದೆ ಅಣ್ಣ. ಬೆಳೆಯೋ ಮಗು. ಅಳತೆಗೆ ಸರಿಯಾಗಿ ತಂದರೆ ಬರೋ ವರ್ಷಕ್ಕೆ ತಲೆಗೇ ಹಿಡಿಸಲ್ಲ. ಯಾವ ತಾಯಿ ತಾನೇ ಮಕ್ಕಳಿಗೆ ಅಳತೆಗೆ ಸರಿಯಾಗಿ ತರ್ತಾಳೆ, ನೀವೇ ಹೇಳಿ?"

ಅವನು ಅಂಗಳದ ಕಡೆ ತಿರುಗಿದ. ತಂತಿಯ ಮೇಲೆ ಹುಡುಗಿಯ ಶಾಲೆಯ ಲಂಗ ಒಣಗುತ್ತಿತ್ತು. ಅದನ್ನೂ ದೊಡ್ಡದೇ ತಂದಿದ್ದರು. ಆದರೆ ಅಂಚನ್ನು ಒಳಕ್ಕೆ ಮಡಚಿ ಮೂರು ಮಡಿಕೆ ಹೊಲಿದಿದ್ದರು. ಹುಡುಗಿ ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚಬೇಕು. ಅಲ್ಲಿಯವರೆಗೆ ಲಂಗ ಕಾಲಿಗೆ ತೊಡರುವುದಿಲ್ಲ. ಅವನು ಬಹಳ ಹೊತ್ತು ಆ ಮಡಿಕೆಗಳನ್ನೇ ನೋಡುತ್ತ ನಿಂತ.

ಮನೆಗೆ ಬಂದು ಅಟ್ಟದಿಂದ ಮರದ ತಲೆಯನ್ನು ಇಳಿಸಿದ. ಅದು ಎರಡು ವರ್ಷದಲ್ಲಿ ಒಂದು ನೂಲಿನಷ್ಟೂ ಬೆಳೆದಿರಲಿಲ್ಲ. ಅದಕ್ಕೆ ಒಬ್ಬ ತಾಯಿಯೂ ಇರಲಿಲ್ಲ.

ಆಗ ಅವನಿಗೆ ಅರವತ್ತು ದಾಟಿತ್ತು. ಮತ್ತೆ ಮೊದಲಿನಿಂದ ಮಾಡುವ ಮನಸ್ಸಿರಲಿಲ್ಲ. ಜಗಲಿಯ ಮೇಲೆ ಕೂತು "ಇನ್ನೂ ಎಷ್ಟು ಸಲ ತಂದೆ?" ಎಂದು ದೇವರನ್ನು ಕೇಳಿದ. ಮರುದಿನ ಒಂದು ದಾರ ಹಿಡಿದು ಶಾಲೆಗೆ ಹೋದ. ಒಂದೊಂದು ಮಗುವಿನ ತಲೆಗೂ ದಾರ ಸುತ್ತಿ ಅಳತೆ ತೆಗೆದ.

ನಾಲ್ಕನೆಯ ಹೆಲ್ಮೆಟ್ಟನ್ನು ದೊಡ್ಡದಾಗಿಯೇ ಮಾಡಿದ. ಒಳಗೆ ಒಂದರ ಮೇಲೊಂದು ಮೂರು ಮೆತ್ತೆ ಬಿಗಿದ. ಅದು ಅಂದಿನ ತಲೆಗೆ ಅಂದೇ ಸರಿಯಾಗಿ ಕೂರುತ್ತಿತ್ತು. ಮಗು ಬೆಳೆದಂತೆ ಒಂದೊಂದೇ ಮೆತ್ತೆ ತೆಗೆಯಬಹುದಿತ್ತು. ಚೀಟಿಯನ್ನು ಅಂಟಿಸಲಿಲ್ಲ.

ಗಾಯ ಮಾಗಿದ ಮೇಲೆ ಆ ಹುಡುಗಿ ಅದನ್ನೇ ತೊಟ್ಟು ಗೋಲಿನ ಮುಂದೆ ನಿಂತಳು. ಚೆಂಡು ನೇರವಾಗಿ ಮುಖದ ಜಾಲರಿಗೆ ಬಡಿಯಿತು. ಬೇಲಿಯ ಹೊರಗೆ ನಿಂತಿದ್ದ ಅವನು ಕಣ್ಣು ಮುಚ್ಚಿಕೊಂಡ.

"ತಾತಾ, ಕಣ್ಣು ಬಿಡಿ! ಅದು ಅಲ್ಲಾಡಲೇ ಇಲ್ಲ!" ಎಂದು ಹುಡುಗಿ ಕೂಗಿದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ತಪ್ಪು ಕಸುಬುದಾರನದೇ, ಬುದ್ಧಿ?"

ಗುರುಗಳು ಕೇಳಿದರು: "ಪಾಠ ಬಿಟ್ಟು ಹೋದಳಲ್ಲ ಆ ಮಗು, ಅವಳ ಮನೆ ಯಾವ ಬೀದಿಯಲ್ಲಿದೆಯಪ್ಪಾ?"

ಶಿಷ್ಯ ತಲೆ ತಗ್ಗಿಸಿದ.