ಪ್ಲಗ್ ಕಿತ್ತ ಮೇಲೆ ಕುಂಕುಮ

ಬಹಳ ಹಿಂದೆ, ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ, ತೊರೆಸಾಲು ಅಂತ ಒಂದು ಊರಿತ್ತು ಕಣ್ರಪ್ಪ. ಊರಿನ ತಲೆಯ ಮೇಲೆ ಅಣೆಕಟ್ಟು, ಕಾಲಬುಡದಲ್ಲಿ ಹೊಳೆ. ಆ ಅಣೆಕಟ್ಟಿಗೆ ನೀಲಗಂಗಮ್ಮ ಅಂತ ಒಬ್ಬ ಇಂಜಿನಿಯರಮ್ಮ ಇದ್ದಳಂತೆ. ಕಟ್ಟೆಗೆ ಕಿವಿಯಿಟ್ಟರೆ ಸಾಕು, ನೀರು ಎಷ್ಟಡಿ ಇದೆ ಅಂತ ಹೇಳಿಬಿಡುತ್ತಿದ್ದಳಂತೆ. ಇರಲಿ, ನಾನು ಕೇಳಿದ್ದನ್ನು ಹೇಳುತ್ತೇನೆ.

ಅಣೆಕಟ್ಟಿನ ಬಾಗಿಲುಗಳನ್ನು ಕಂಪ್ಯೂಟರಿನ ಕೈಗೆ ಕೊಡಬೇಕು ಅಂತ ಮೇಲಿನಿಂದ ಅಪ್ಪಣೆಯಾಯಿತು. ಕಂಪ್ಯೂಟರಿನೊಳಗೆ ಕೂತು ಅದನ್ನು ನಡೆಸುವುದಕ್ಕೆ ಆಪರೇಟಿಂಗ್ ಸಿಸ್ಟಂ ಅಂತಾರೆ. ಮನೆಗೆ ಯಜಮಾನಿ ಇದ್ದ ಹಾಗೆ. ಅಂಥವು ಎರಡು ಬಂದವು. ಒಂದು ಬಣ್ಣದ್ದು, ಪರದೆ ತುಂಬ ಹೂವು ಹಕ್ಕಿ, ಎದ್ದರೆ ಹಾಡು. ಇನ್ನೊಂದು ಕರಿ ಪರದೆ, ಮೇಲೆ ನಾಲ್ಕು ಹಸಿರು ಅಕ್ಷರ, ಅಷ್ಟೇ. ಒಂದೊಂದಕ್ಕೆ ಒಂದೊಂದು ಬಾಗಿಲು ವಹಿಸಿ ಮಳೆಗಾಲವಿಡೀ ನೋಡಿದರು. ಎರಡೂ ತಪ್ಪಲಿಲ್ಲ. ಎಲ್ಲರಿಗೂ ಬಣ್ಣದ್ದೇ ಬೇಕು. ನೀಲಗಂಗಮ್ಮನಿಗೂ ಅದೇ ಹಿಡಿಸಿತ್ತಂತೆ, ಸುಳ್ಳು ಯಾಕೆ ಹೇಳಲಿ. ಆಯುಧಪೂಜೆ ಮುಗಿಸಿ ಸಹಿ ಹಾಕುತ್ತೇನೆ ಅಂದಳಂತೆ.

ಪೂಜೆಯ ದಿನ ಜಲಾಶಯ ತುಂಬಿತ್ತು. ಬಾಗಿಲುಗಳನ್ನು ಗೇಣುದ್ದ ಎತ್ತಿ ನಿಲ್ಲಿಸಬೇಕು ಅಂತ ಎರಡಕ್ಕೂ ಹೇಳಿದ್ದರು. ಬಾಗಿಲು ಎತ್ತುವ ಮೋಟರಿಗೆ ಕರೆಂಟು ಬೇರೆ. ಕಂಪ್ಯೂಟರು ಸಾಕು ಅನ್ನುವ ತನಕ ಅದು ಎತ್ತುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಕಾವಲುಗಾರ ಗೂಳಪ್ಪ, ಪಾಪ ಭಕ್ತಿ ಜಾಸ್ತಿ, ಕಂಪ್ಯೂಟರುಗಳಿಗೆ ಚೆಂಡುಹೂವಿನ ಹಾರ ಹಾಕಿ, ಸುತ್ತ ಸೀರಿಯಲ್ ಲೈಟು ಬಿಟ್ಟು, ಆ ಲೈಟು ಚುಚ್ಚಲು ಜಾಗವಿಲ್ಲದೆ ಕಂಪ್ಯೂಟರುಗಳ ಪ್ಲಗ್ಗನ್ನೇ ಕಿತ್ತನಂತೆ.

ಅವನಿಗೆ ಬೈದು ಮತ್ತೆ ಚುಚ್ಚಿದರು. ಕರಿ ಪರದೆ ಎದ್ದದ್ದೇ ಬಾಗಿಲು ಎಲ್ಲಿದೆ ಅಂತ ನೋಡಿತು, ನಿಲ್ಲಿಸಿತು. ಬಣ್ಣದ್ದು ಹಾಡು ಹಾಡಿತು, ಸ್ವಾಗತ ಅಂದಿತು, ಹೊಸ ಆವೃತ್ತಿ ಹಾಕಿಕೊಳ್ಳುತ್ತಿದ್ದೇನೆ, ದಯವಿಟ್ಟು ಕಾಯಿರಿ ಅಂದಿತು. ಅದರ ಬಾಗಿಲು ಮಾತ್ರ ಏರುತ್ತಲೇ ಇತ್ತು. ಕೆಳಗೆ ಹೊಳೆಯಲ್ಲಿ ತೊರೆಸಾಲಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಮಕ್ಕಳು ನೀರಾಡುತ್ತಿದ್ದರು.

ನೀಲಗಂಗಮ್ಮ ಸೈರನ್ ಕೂಗಿಸಿ, ಮೋಟರ್ ಆರಿಸಿ, ಬಾಗಿಲು ಇಳಿಸುವ ಕೈಚಕ್ರ ಹಿಡಿದಳಂತೆ. ನಾಲ್ಕು ಆಳು ತಿರುಗಿಸುವ ಚಕ್ರವನ್ನು ಒಬ್ಬಳೇ ತಿರುಗಿಸಿದಳಂತೆ. ಗೂಳಪ್ಪನೂ ಕೈ ಹಾಕಿದ ಅಂತ ನಮ್ಮಪ್ಪ ಹೇಳುತ್ತಿದ್ದ, ಆದರೆ ಊರವರು ಅದನ್ನು ಒಪ್ಪುವುದಿಲ್ಲ. ಅಂತೂ ಬಾಗಿಲು ಇಳಿಯಿತು. ಒಂದಷ್ಟು ಸೀರೆ ಹೊಳೆಪಾಲಾದವು, ಜನ ಉಳಿದರು.

ಗೂಳಪ್ಪನ ಕೆಲಸ ಹೋಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ನೀಲಗಂಗಮ್ಮ ಮೊದಲ ಪ್ರಸಾದ ಅವನ ಕೈಗೇ ಇಟ್ಟಳಂತೆ.

“ಓಡೋದನ್ನ ನಾವೆಲ್ಲ ನೋಡಿದ್ವಿ. ಬಿದ್ರೆ ಹೆಂಗೆ ಏಳತ್ತೆ ಅಂತ ತೋರಿಸಿದವನು ನೀನೊಬ್ಬನೇ, ಗೂಳಪ್ಪ.”

ಸಹಿ ಕರಿ ಪರದೆಗೆ ಬಿತ್ತು.

ಆಮೇಲೆ ಎಷ್ಟೋ ಕಂಪ್ಯೂಟರು ಬಂದವು, ಹೋದವು. ಇವತ್ತಿಗೂ ಅಲ್ಲಿ ಆಯುಧಪೂಜೆಗೆ ಮೊದಲು, ಬಾಗಿಲು ಏರುತ್ತಿರುವಾಗಲೇ, ಕಂಪ್ಯೂಟರಿನ ಪ್ಲಗ್ ಕಿತ್ತು ಮತ್ತೆ ಚುಚ್ಚುತ್ತಾರೆ. ಎದ್ದು ಬಾಗಿಲನ್ನು ತಾನೇ ನಿಲ್ಲಿಸಿದರೆ ಮಾತ್ರ ಅದಕ್ಕೆ ಕುಂಕುಮ. ಕೈಚಕ್ರದ ಹತ್ತಿರ ನಾಲ್ಕು ಆಳು ತಯಾರಿರುತ್ತಾರೆ. ಕೆಳಗೆ ಹೆಂಗಸರು ಬಟ್ಟೆಗಂಟು ದಡದಲ್ಲಿಟ್ಟು, ಮಕ್ಕಳ ಕೈ ಹಿಡಿದು, ಅಣೆಕಟ್ಟಿನ ಕಡೆ ನೋಡುತ್ತಾ ನಿಲ್ಲುತ್ತಾರೆ. ಬಾಗಿಲು ಗೇಣಿಗೆ ನಿಂತಿತು ಅನ್ನಿ, “ನೀಲಗಂಗಮ್ಮ ನಿಲ್ಲಿಸಿದಳು” ಅಂದುಕೊಂಡು ನೀರಿಗೆ ಇಳಿಯುತ್ತಾರೆ.