ಮಾಲೀಕರ ಅಳತೆ

ಬೆಳಗಾವಿಯ ಉದ್ಯಮಬಾಗದಲ್ಲಿ ಈರಸಂಗಪ್ಪನವರದೊಂದು ಕಾರ್ಖಾನೆ. ಹೈಡ್ರಾಲಿಕ್ ವಾಲ್ವ್ ಬಿಟ್ಟರೆ ಅಲ್ಲಿ ಬೇರೇನೂ ತಯಾರಾಗುವುದಿಲ್ಲ. ಅದಕ್ಕೊಂದು ಹೊಸ ವೆಬ್‌ಸೈಟ್ ಮಾಡುವ ಕೆಲಸ ಸ್ಟೋರಿನ ಗುಮಾಸ್ತನ ತಲೆಗೆ ಬಿತ್ತು.

"ಎಲ್ಲಾ ಪೇಜಿನಾಗೂ ನನ್ನ ಫೋಟೋನ ಇರಬೇಕು, ಪೇಟಾ ಸುತ್ತಿದ್ದು," ಎಂದರು ಮಾಲೀಕರು.

"ವಾಲ್ವ್ ಎಲ್ಲಿ ಹಾಕೂಣ್ರೀ?"

"ಜಾಗಾ ಉಳದ್ರ ಹಾಕು."

ಗುಮಾಸ್ತನಿಗೆ ದಿಗಿಲಾಯಿತು. ಪುಣೆಯ ದೊಡ್ಡ ಗಿರಾಕಿಯೊಬ್ಬರು ಸೋಮವಾರ ಈ ವೆಬ್‌ಸೈಟ್ ನೋಡಿಯೇ ಆರ್ಡರ್ ಕೊಡುವವರಿದ್ದರು. ಆದರೂ "ಆತ್ರೀ" ಎಂದು ಹೋದವನು ಮರುದಿನ ಪೇಜು ತಂದು ತೋರಿಸಿದ.

ಪೇಟದ ಫೋಟೋ ಝಗಝಗಿಸುತ್ತಿತ್ತು. ಅದರ ಕೆಳಗೆ ಹೀಗಿತ್ತು: ತೂಕ ತೊಂಬತ್ತಾರು ಕೆಜಿ. ನಡುವಿನ ಸುತ್ತಳತೆ ನಲವತ್ತೆಂಟು ಇಂಚು. ತಯಾರಾದ ವರ್ಷ ೧೯೫೮. ಬೇಗ ಬಿಸಿಯಾಗುತ್ತದೆ. ಬಿಡಿಭಾಗ ಸಿಗುವುದಿಲ್ಲ.

"ಏನಲೇ ಇದು!" ಮಾಲೀಕರು ಬಿಸಿಯಾಗಿಯೇ ಬಿಟ್ಟರು.

"ನಮ್ಮ ಗಿರಾಕಿಗಳು ಎಂಜಿನಿಯರ್ ಮಂದಿರೀ, ಸಾಹುಕಾರ್ರ. ಫೋಟೋ ಕಂಡ್ರ ಮೊದಲ ಅಳತಿ ಕೇಳ್ತಾರ."

ಮಾಲೀಕರು ಇನ್ನೊಮ್ಮೆ ಓದಿದರು. 'ಬಿಡಿಭಾಗ ಸಿಗುವುದಿಲ್ಲ' ಎಂಬಲ್ಲಿಗೆ ಬಂದಾಗ ಹೊಟ್ಟೆ ಕುಣಿಯುವಂತೆ ನಕ್ಕರು. "ನನ್ನ ತಗದು ವಾಲ್ವ್ ಹಾಕಪಾ. ಆದ್ರ ಅದನ್ನ ನನ್ನ ಅಂಗೈ ಮ್ಯಾಲ ಇಟ್ಟು ಫೋಟೋ ಹೊಡಿ. ಅಳತಿ ತಿಳೀಲಿಕ್ಕೆ ಕೈ ಅಷ್ಟರ ಇರಲಿ."

ಸೋಮವಾರ ಸಂಜೆ ಪುಣೆಯಿಂದ ಉತ್ತರ ಬಂತು: 'ಅಂಗೈ ಮೇಲಿರುವಂಥದ್ದು ಇನ್ನೂರು ಕಳಿಸಿ.'

ಮಾಲೀಕರು ಸ್ಟೋರಿಗೇ ಓಡಿ ಬಂದು ಆ ಅಂಗೈಯನ್ನು ಗುಮಾಸ್ತನ ಮುಖದ ಮುಂದೆ ಹಿಡಿದರು.

"ನೋಡಿದೇನು, ನನ್ನ ಕೈಗುಣ!"