ಮೂರೂವರೆ ಎಂಬ ಅಂಕಿ

ಮಲಪ್ರಭೆಯ ದಂಡೆಯ ಆಶ್ರಮಕ್ಕೆ ಡಾಕ್ಟರ್ ವಿರೂಪಾಕ್ಷ ಬಂದಾಗ ಗುರು ಅಡವಯ್ಯನವರು ಗೋಡೆಗೆ ಒರಗಿ ಕೂತಿದ್ದರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು.

ಹುಡುಗನಾಗಿದ್ದಾಗ ಅಲ್ಲೇ ಉಂಡು ಓದಿದವನು ವಿರೂಪಾಕ್ಷ. ಬಂದವನೇ ಅವರ ಕಾಲು ಹಿಡಿದುಕೊಂಡ.

"ಎರಡು ವರ್ಷದ ಹಿಂದೆ ನಿಮ್ಮ ರಕ್ತದ ರಿಪೋರ್ಟು ನೋಡಿದ್ದು ನಾನೇ. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ಮೂರೂವರೆ ಇತ್ತು. ನಾಲ್ಕರೊಳಗಿದೆ, ಚಿಂತೆಯಿಲ್ಲ ಅಂದುಬಿಟ್ಟೆ."

"ಮೂರೂವರೆ ಇದ್ದದ್ದು ಸುಳ್ಳೇ?"

"ಸುಳ್ಳಲ್ಲ. ಮೂತ್ರ ಸಲೀಸಾಗಲೆಂದು ನೀವು ಆಗಲೇ ವರ್ಷದಿಂದ ಒಂದು ಮಾತ್ರೆ ನುಂಗುತ್ತಿದ್ದಿರಿ. ಅದು ಆ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ. ಮೂರೂವರೆಯನ್ನು ನಾನು ಏಳೆಂದು ಓದಬೇಕಿತ್ತು. ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಎಂದು ಒಂದು ಮಾತು ಕೇಳಲಿಲ್ಲ."

"ನಾನೂ ಹೇಳಲಿಲ್ಲ."

"ಮಾತ್ರೆ ಅಂಕಿ ಇಳಿಸುತ್ತದೆಂದು ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇನ್ನು ಯಾರ ರಿಪೋರ್ಟನ್ನೂ ನೋಡಲಾರೆ. ದವಾಖಾನೆಗೆ ಬೀಗ ಹಾಕಿದ್ದೇನೆ."

ಗುರುಗಳು ಅಂಗಳದಲ್ಲಿ ಕಾಯುತ್ತಿದ್ದ ಒಬ್ಬ ಮುದುಕನನ್ನು ಒಳಗೆ ಕರೆದರು. ದ್ಯಾಮಣ್ಣ, ಒಂದು ಕಾಲದ ಬಸ್ ಕಂಡಕ್ಟರ್. ಕೈಯಲ್ಲಿದ್ದ ಕಾಗದ ಬೆವರಿಗೆ ಮೆತ್ತಗಾಗಿತ್ತು.

"ನಿನ್ನ ಬೀಗ ನೋಡಿಕೊಂಡು ಇಲ್ಲಿಗೆ ಬಂದಿದ್ದಾನೆ," ಎಂದರು ಗುರುಗಳು. "ಓದು."

ವಿರೂಪಾಕ್ಷ ಓದಿದ. ಪಿಎಸ್‌ಎ ಹದಿನಾಲ್ಕು. ಆಮೇಲೆ ಕಾಗದ ಮಡಚಿ ದ್ಯಾಮಣ್ಣನ ಮುಖ ನೋಡಿದ.

"ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ?"

"ಏನೂ ಇಲ್ಲ."

"ಈಚೆಗೆ ಜ್ವರ? ಉರಿಮೂತ್ರ?"

"ರಕ್ತ ಕೊಟ್ಟ ದಿನವೇ ಜ್ವರ ಇತ್ತು. ಉರಿ ಇನ್ನೂ ಇದೆ."

"ಮೂತ್ರದ ಸೋಂಕಿಗೂ ಈ ಅಂಕಿ ಏರುತ್ತದೆ. ಮೊದಲು ಅದನ್ನು ವಾಸಿ ಮಾಡೋಣ. ಆರೆಂಟು ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಆಗಲೂ ಇಳಿಯದಿದ್ದರೆ ಮುಂದಿನ ಪರೀಕ್ಷೆ."

"ಅಂದರೆ ಕ್ಯಾನ್ಸರ್ ಅಲ್ಲವಾ?"

"ಅಲ್ಲ ಅಂತ ಹೇಳಲಾರೆ. ಹೌದು ಅಂತಲೂ ಹೇಳಲಾರೆ. ನಾಳೆ ಬೆಳಿಗ್ಗೆ ದವಾಖಾನೆಗೆ ಬನ್ನಿ."

ದ್ಯಾಮಣ್ಣ ಕೈಮುಗಿದು ಹೋದ.

ವಿರೂಪಾಕ್ಷ ತಲೆ ಎತ್ತಲಿಲ್ಲ. ಕಣ್ಣೀರು ಅಂಗೈ ಮೇಲೆ ಬೀಳುತ್ತಿತ್ತು.

"ಅವನಿಗೆ ಇಷ್ಟೆಲ್ಲ ಕೇಳಿದೆ. ನಿಮಗೆ ಕೇಳಬೇಕಾದದ್ದು ಒಂದೇ ಇತ್ತು. ಈಗ ಕೇಳಿ ಏನು ಬಂತು?"

ಗುರುಗಳು ಹಲ್ಲು ಕಚ್ಚಿ ಸ್ವಲ್ಪ ಪಕ್ಕಕ್ಕೆ ಸರಿದರು. ಚಾಪೆಯ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು.

"ಈಗ ನನಗೆ ಎಲ್ಲಿ ನೋಯುತ್ತಿದೆ ಅಂತ ಕೇಳು."